ಕೋಡ್ ಬಿಟ್ಟು ಫೈನಾನ್ಸ್ ಕಡೆಗೆ: ಎಂಬಿಎಗೆ ಅರ್ಜಿ ಹಾಕುವ ನಮ್ಮ ಕಡೆಯವರಿಗೆ

ಸಂದರ್ಶನದ ಕೋಣೆಯಲ್ಲಿ ಮೂರು ಜನ ಕೂತಿದ್ದರು. ನಡುವಿನವರು ನನ್ನ ಅರ್ಜಿ ತಿರುವಿ ನೋಡಿ, "ಓ, ಕಲಬುರಗಿಯವರಾ? ತೊಗರಿ ನಾಡು!" ಅಂದರು. ನನಗೆ ಒಳಗೊಳಗೇ ಖುಷಿ. ಮುಂದಿನ ಪ್ರಶ್ನೆ ಬಂತು. "ಒಂದು ದಾಲ್ ಮಿಲ್ ನಡೆಸೋಕೆ ವರ್ಕಿಂಗ್ ಕ್ಯಾಪಿಟಲ್ ಅಷ್ಟೊಂದು ಯಾಕೆ ಬೇಕಾಗುತ್ತೆ, ಹೇಳಿ."

ವರ್ಕಿಂಗ್ ಕ್ಯಾಪಿಟಲ್ ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ದುಡ್ಡು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಬೆಂಗಳೂರಿನಲ್ಲಿ ಐದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ್ದೆ. ಅದರಲ್ಲಿ ಎರಡು ವರ್ಷ ಒಂದು ಬ್ಯಾಂಕಿನ ಸಾಲದ ಮಾಡ್ಯೂಲ್‌ಗೆ ಕೋಡ್ ಬರೆದಿದ್ದೆ. ನಮ್ಮ ಕಾಕಾ ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟವರು. ಸಣ್ಣವಳಿದ್ದಾಗ ರಜೆಯಲ್ಲಿ ಅಲ್ಲೇ ತೊಗರಿ ಚೀಲದ ಮೇಲೆ ಕೂತು ಆಡಿದವಳು ನಾನು. ಆದರೂ ಉತ್ತರ ಗೊತ್ತಿರಲಿಲ್ಲ. ಆ ವರ್ಷ ಸೀಟು ಸಿಗಲಿಲ್ಲ. ಮರುವರ್ಷ ಸಿಕ್ಕಿತು. ಈಗ ಒಂದು ಬ್ಯಾಂಕಿನಲ್ಲಿ ಕಂಪನಿಗಳಿಗೆ ಸಾಲ ಕೊಡುವ ವಿಭಾಗದಲ್ಲಿದ್ದೇನೆ.

ಆ ಎರಡು ಪ್ರಯತ್ನಗಳ ನಡುವೆ ನನ್ನ ಪರೀಕ್ಷೆಯ ಅಂಕ ಅಷ್ಟೇನೂ ಏರಲಿಲ್ಲ. ಮೊದಲ ಸಲ ಫೈನಾನ್ಸ್‌ಗೆ ಹೋಗಬೇಕು ಅನ್ನೋ ಆಸೆ ಹೇಳಿಕೊಂಡಿದ್ದೆ. ಎರಡನೇ ಸಲ, ಆಗಲೇ ಆ ಕಡೆ ನಡೆಯೋಕೆ ಶುರು ಮಾಡಿದ್ದನ್ನು ತೋರಿಸಿದೆ. ಅಷ್ಟೇ ವ್ಯತ್ಯಾಸ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲೋ ಹೈದರಾಬಾದಲ್ಲೋ ಐಟಿ ಕೆಲಸ ಮಾಡ್ತಾ, "ಇದು ಸಾಕು, ಫೈನಾನ್ಸ್ ಕಡೆ ಹೋಗೋಣ" ಅಂತ ಯೋಚಿಸುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಫೈನಾನ್ಸ್‌ನಲ್ಲಿ ಯಾವ ಕೆಲಸ?

"ಫೈನಾನ್ಸ್" ಅಂತ ಒಂದು ಕೆಲಸ ಇಲ್ಲ. "ಐಟಿ" ಅಂದರೆ ಹೇಗೆ ಟೆಸ್ಟಿಂಗ್‌ನಿಂದ ಡೇಟಾ ಸೈನ್ಸ್ ತನಕ ಎಲ್ಲ ಬರುತ್ತದೋ, ಇದೂ ಹಾಗೇ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ನವರು ಕಂಪನಿಗಳಿಗೆ ಬಂಡವಾಳ ಎತ್ತಿಸಿಕೊಡುತ್ತಾರೆ, ಕಂಪನಿ ಕೊಳ್ಳುವ ಮಾರುವ ವ್ಯವಹಾರ ಕುದುರಿಸುತ್ತಾರೆ. ಕಾರ್ಪೊರೇಟ್ ಬ್ಯಾಂಕಿಂಗ್‌ನವರು ಕಂಪನಿಗೆ ಸಾಲ ಕೊಡಬಹುದಾ ಅಂತ ನೋಡುತ್ತಾರೆ. ಈಕ್ವಿಟಿ ರಿಸರ್ಚ್‌ನವರು ಷೇರಿನ ಬೆಲೆ ತೂಗುತ್ತಾರೆ. ಸಂಸ್ಥೆಯ ನಗದು ನೋಡಿಕೊಳ್ಳುವ ಟ್ರೆಷರಿ, ನಷ್ಟದ ಸಾಧ್ಯತೆ ಅಳೆಯುವ ರಿಸ್ಕ್, ಸಾಲ ತೀರಿಸುವ ಶಕ್ತಿಗೆ ಅಂಕ ಕೊಡುವ ರೇಟಿಂಗ್ ಏಜೆನ್ಸಿ, ಕಂಪನಿಯೊಳಗಿನ ಬಜೆಟ್ ತಂಡ, ಆ್ಯಪ್-ತಂತ್ರಜ್ಞಾನದ ಮೂಲಕ ಹಣಕಾಸು ಸೇವೆ ಕೊಡುವ ಫಿನ್‌ಟೆಕ್‌ನ ಪ್ರಾಡಕ್ಟ್, ಒಂದೊಂದರ ದಿನಚರಿಯೂ ಬೇರೆ. ಸಂಬಳ ಬೇರೆ, ಒಳಗೆ ಹೋಗುವ ಬಾಗಿಲೂ ಬೇರೆ.

ಐಟಿಯಿಂದ ಬಂದವರಿಗೆ ಕೆಲವು ಬಾಗಿಲು ಸಲೀಸಾಗಿ ತೆರೆಯುತ್ತವೆ. ಡೇಟಾದ ಕೆಲಸ ಮಾಡಿದವರಿಗೆ ರಿಸ್ಕ್. ಪೇಮೆಂಟ್ ವ್ಯವಸ್ಥೆ ಕಟ್ಟಿದವರಿಗೆ ಫಿನ್‌ಟೆಕ್. ಇನ್ನೊಂದು ಬಾಗಿಲಿದೆ, ಅದರ ಕಡೆ ತುಂಬಾ ಜನ ತಿರುಗಿಯೂ ನೋಡೋದಿಲ್ಲ. ಅದು ಐಟಿ ಕಂಪನಿಗಳ ಷೇರನ್ನೇ ಅಳೆಯುವ ಈಕ್ವಿಟಿ ರಿಸರ್ಚ್. ನೀವು ಬೆಂಚ್ ಮೇಲೆ ಕೂತಿದ್ದೀರಿ ಅಲ್ವಾ? ಬಿಲ್ಲಿಂಗ್ ಸಿಗಲಿಲ್ಲ ಅಂತ ಮ್ಯಾನೇಜರ್ ತಲೆ ಕೆಡಿಸಿಕೊಂಡಿದ್ದನ್ನು ನೋಡಿದ್ದೀರಿ ಅಲ್ವಾ? ಅದನ್ನೇ ಷೇರು ವಿಶ್ಲೇಷಕರು ಯುಟಿಲೈಸೇಷನ್ (ನೂರಕ್ಕೆ ಎಷ್ಟು ಜನ ಬಿಲ್ಲಿಂಗ್ ಇರುವ ಕೆಲಸದಲ್ಲಿದ್ದಾರೆ ಅನ್ನುವ ಲೆಕ್ಕ) ಅಂತ ಕರೆದು, ಮೂರು ತಿಂಗಳಿಗೊಮ್ಮೆ ಕಂಪನಿಯ ಫಲಿತಾಂಶ ಬಂದಾಗ ಹುಡುಕುವುದು. ಅವರು ಹೊರಗಿನಿಂದ ಊಹಿಸುವುದನ್ನು ನೀವು ಒಳಗಿದ್ದು ಬದುಕಿದ್ದೀರಿ.

ಹಾಗಾಗಿ ಮೊದಲ ಕೆಲಸ ಇಷ್ಟು. ಎರಡು ಹುದ್ದೆ ಆರಿಸಿ, ಒಂದು ನಿಮ್ಮ ಆಸೆಯದು, ಇನ್ನೊಂದು ಕೈಗೆಟುಕುವುದು. ಆ ಹುದ್ದೆಯಲ್ಲಿ ಈಗ ಇರುವ ಮೂರ್ನಾಲ್ಕು ಜನರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳಾದರೆ ಇನ್ನೂ ಒಳ್ಳೆಯದು. "ಹದಿನೈದು ನಿಮಿಷ ಮಾತಾಡಬಹುದಾ" ಅಂತ ಕೇಳಿ. ನಮ್ಮ ಕಡೆಯವರಿಗೆ ಕೇಳೋಕೆ ಸಂಕೋಚ ಜಾಸ್ತಿ. ನನಗೂ ಇತ್ತು. ಹತ್ತು ಜನರನ್ನು ಕೇಳಿದರೆ ಮೂವರಾದರೂ ಮಾತಾಡುತ್ತಾರೆ, ಅದೂ ಮನಸ್ಸು ಬಿಚ್ಚಿ.

ಅರ್ಜಿಗೆ ಒಂದು ವರ್ಷ ಮುಂಚೆ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಎಲ್ಲರೂ ಬಿಡುವುದೂ ಇದನ್ನೇ.

ಈಗಿರುವ ಕಂಪನಿಯಲ್ಲೇ ಬ್ಯಾಂಕಿಂಗ್ ಅಥವಾ ವಿಮೆಯ ಪ್ರಾಜೆಕ್ಟ್ ಕೇಳಿ ಪಡೆಯಿರಿ. ದೊಡ್ಡ ಐಟಿ ಕಂಪನಿಗಳ ಗ್ರಾಹಕರಲ್ಲಿ ಬ್ಯಾಂಕುಗಳೇ ಜಾಸ್ತಿ. ಇನ್ಫೋಸಿಸ್‌ನ ಫಿನಾಕಲ್, ಟಿಸಿಎಸ್‌ನ ಬ್ಯಾಂಕ್ಸ್‌ನಂಥ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಮೇಲೆ ಸಾವಿರಾರು ಇಂಜಿನಿಯರ್‌ಗಳು ಕೆಲಸ ಮಾಡುತ್ತಾರೆ. ಪ್ರಾಜೆಕ್ಟ್ ಸಿಕ್ಕಮೇಲೆ ಸುಮ್ನೆ ಟಿಕೆಟ್ ಮುಚ್ಚಬೇಡಿ. ಈ ನಿಯಮ ಯಾಕಿದೆ ಅಂತ ಕೇಳಿ. ಸಾಲದ ಕಂತು 90 ದಿನ ಬಾಕಿಯಾದರೆ ಅದನ್ನು ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಅಂತ ಗುರುತು ಮಾಡುವ ಕೋಡ್ ನಾನು ಬರೆದಿದ್ದೆ. ಬೆಳೆ ಸಾಲಕ್ಕೆ ಮಾತ್ರ ಬೇರೆ ಲೆಕ್ಕ. ಕಡಿಮೆ ಅವಧಿಯ ಬೆಳೆಗಾದರೆ ಎರಡು ಹಂಗಾಮು ಕಾಯಬೇಕು ಅಂತ ನಿಯಮ. ನಾನು ಅದನ್ನು ಒಂದು ಇಫ್-ಎಲ್ಸ್ ಅಂತ ಬರೆದು ಮುಗಿಸಿದೆ. ನಮ್ಮ ಊರ ರೈತನ ಕೈಗೆ ದುಡ್ಡು ಬರುವುದೇ ವರ್ಷಕ್ಕೊಮ್ಮೆ, ರಾಶಿಯಾದ ಮೇಲೆ, ಅದಕ್ಕೇ ಆ ಸಾಲಿನ ಕೋಡ್ ಇದೆ ಅಂತ ಆಗ ಹೊಳೆಯಲೇ ಇಲ್ಲ.

ಇನ್ನು ಓದು. ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪ್ರಮಾಣಪತ್ರವಾದ ಸಿಎಫ್‌ಎಯ ಮೊದಲ ಹಂತ ಮಾಡಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ: ಇನ್ವೆಸ್ಟ್‌ಮೆಂಟ್ ಅಥವಾ ರಿಸರ್ಚ್ ಕಡೆ ಹೋಗುವುದಾದರೆ ಮಾಡಿ. ಪರೀಕ್ಷೆಯಲ್ಲಿ 180 ಪ್ರಶ್ನೆ, ಎರಡು ಪಾಳಿ. ಒಂದು ಹಂತಕ್ಕೆ ಸುಮಾರು 300 ಗಂಟೆ ಓದಬೇಕು ಅಂತ ಸಿಎಫ್‌ಎ ಸಂಸ್ಥೆಯೇ ಹೇಳುತ್ತದೆ. ಶುಲ್ಕ ಡಾಲರ್‌ನಲ್ಲಿ, ನಮ್ಮ ದುಡ್ಡಿನಲ್ಲಿ ಲಕ್ಷದ ಸುತ್ತಮುತ್ತ. ರಿಸ್ಕ್ ಕಡೆ ಹೋಗುವವರಿಗೆ ಆ ವಿಷಯದ್ದೇ ಪ್ರಮಾಣಪತ್ರ ಎಫ್‌ಆರ್‌ಎಂ ಸರಿ. ಅಷ್ಟು ದುಡ್ಡು ಈಗ ಬೇಡ ಅನ್ನುವವರಿಗೆ ಷೇರು ಪೇಟೆಯ ನಿಯಂತ್ರಕ ಸೆಬಿ ಹುಟ್ಟುಹಾಕಿದ ಎನ್‌ಐಎಸ್‌ಎಂ ಸಂಸ್ಥೆಯ ಪ್ರಮಾಣಪತ್ರ ಪರೀಕ್ಷೆಗಳಿವೆ. ರಿಸರ್ಚ್ ಅನಲಿಸ್ಟ್ ಪರೀಕ್ಷೆಯನ್ನು ಕಡಿಮೆ ಖರ್ಚಿನಲ್ಲಿ, ಎರಡು ಮೂರು ತಿಂಗಳಲ್ಲಿ ಮುಗಿಸಬಹುದು. ಐಟಿಯವರು ಈ ವಿಷಯ ಓದಿ ಅರಗಿಸಿಕೊಳ್ಳಬಲ್ಲರು ಅಂತ ತೋರಿಸಲು ಅದೂ ಸಾಕು.

ಆದರೆ ಪ್ರಮಾಣಪತ್ರಕ್ಕಿಂತ ನನಗೆ ನೆರವಾದದ್ದು ಎರಡು. ಒಂದು, ಕಂಪನಿಯ ವಾರ್ಷಿಕ ವರದಿ ಓದಿದ್ದು. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಬೈಕ್ ಓಡಿಸದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ವಾಡಿಯಲ್ಲಿ ಎಸಿಸಿ, ಮಳಖೇಡದ ಹತ್ತಿರ ಅಲ್ಟ್ರಾಟೆಕ್, ಕೋಡ್ಲಾದಲ್ಲಿ ಶ್ರೀ ಸಿಮೆಂಟ್. ಇವೆಲ್ಲ ಷೇರು ಪೇಟೆಯಲ್ಲಿರುವ ಕಂಪನಿಗಳು. ವಾರ್ಷಿಕ ವರದಿಯನ್ನು ಅವುಗಳ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಯಾವುದಾದರೂ ಒಂದರ ಲಾಭ-ನಷ್ಟದ ಪುಟ ತೆಗೆಯಿರಿ. ಕರೆಂಟು ಮತ್ತು ಇಂಧನದ ಖರ್ಚು ಒಂದು ಸಾಲು, ಸಾಗಾಣಿಕೆಯ ಖರ್ಚು ಇನ್ನೊಂದು ಸಾಲು. ಎರಡನ್ನೂ ಮಾರಿದ ಟನ್‌ನಿಂದ ಭಾಗಿಸಿ. ಎರಡು ಕಂಪನಿಗೆ, ಐದು ವರ್ಷಕ್ಕೆ ಹೀಗೇ ಮಾಡಿ ಎಕ್ಸೆಲ್‌ನಲ್ಲಿಡಿ. ಸುಣ್ಣದ ಕಲ್ಲು ಸಿಗುವ ಜಾಗದಲ್ಲೇ ಫ್ಯಾಕ್ಟರಿ ಯಾಕೆ ಕಟ್ಟುತ್ತಾರೆ, ಸಿಮೆಂಟು ದೂರದೂರಕ್ಕೆ ಯಾಕೆ ಹೋಗುವುದಿಲ್ಲ ಅಂತ ಆ ಅಂಕಿಗಳೇ ಹೇಳುತ್ತವೆ. ಈ ಎಕ್ಸೆಲ್ ಹಾಳೆ ಮುಂದೆ ಸಂದರ್ಶನದಲ್ಲಿ ನಿಮ್ಮ ಕೈಯಲ್ಲಿರುವ ಆಸ್ತಿ.

ಇನ್ನೊಂದು, ಗಂಜ್‌ನಲ್ಲಿ ಕಳೆದ ಎರಡು ದಿನ. ಸೀಟು ತಪ್ಪಿದ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ಹೊಸ ತೊಗರಿ ಬರುವ ಕಾಲ. ಅಂಗಡಿ ಮುಂದೆ ಚೀಲದ ರಾಶಿ, ಹಮಾಲರ ಕೂಗು, ತೂಕದ ಕಾಟಾ. ಕಾಕಾ ಮೊಣಕಾಲ ಮೇಲೆ ಖಾತೆ ಪುಸ್ತಕ ಇಟ್ಟುಕೊಂಡು ಒಬ್ಬ ರೈತನಿಗೆ ಪಟ್ಟಿ ಬರೆಯುತ್ತಿದ್ದರು. ಅವರಿಗೆ ಆ ಸಂದರ್ಶನದ ಪ್ರಶ್ನೆ ಹೇಳಿದೆ. ಕಾಕಾ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕರು.

"ನೋಡವ್ವಾ, ರೈತನಿಗಿ ರೊಕ್ಕ ಇವತ್ತೇ ಬೇಕು. ಮಿಲ್‌ನಾಗ ಒಣಗಿಸಿ, ಒಡೆದು, ಬ್ಯಾಳಿ ಮಾಡಾಕ ಇಪ್ಪತ್ತು ದಿನ. ಬ್ಯಾಳಿ ಹೈದರಾಬಾದಿಗಿ ಹೋದ ಮ್ಯಾಲ ಪಾರ್ಟಿ ರೊಕ್ಕ ಕೊಡೋದು ನಲವತ್ತು ದಿನಕ್ಕ. ನಡುವ ಅರವತ್ತು ದಿನ ಯಾರ ರೊಕ್ಕದ ಮ್ಯಾಲ ಮಿಲ್ ನಡೀತದ?"

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. 1,000 ಕ್ವಿಂಟಲ್ ತೊಗರಿ, ಕ್ವಿಂಟಲ್‌ಗೆ 7,500 ರೂಪಾಯಿ ಅಂತ ಹಿಡಿದರೆ 75 ಲಕ್ಷ. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ 60 ದಿನಕ್ಕೆ ಹತ್ತಿರ ಹತ್ತಿರ 1 ಲಕ್ಷ 48 ಸಾವಿರ. ಅಂದರೆ ಒಂದು ಕ್ವಿಂಟಲ್ ಮೇಲೆ 148 ರೂಪಾಯಿ ಬರೀ ಬಡ್ಡಿಗೆ ಹೋಯಿತು. ಪಾರ್ಟಿ ಇಪ್ಪತ್ತು ದಿನ ಬೇಗ ದುಡ್ಡು ಕೊಟ್ಟರೆ ಅದರಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಎಂಬಿಎ ಪುಸ್ತಕದಲ್ಲಿ ಇದಕ್ಕೆ ಕ್ಯಾಶ್ ಕನ್ವರ್ಷನ್ ಸೈಕಲ್ ಅಂತ ಹೆಸರು. ಕಾಕಾ ಇದನ್ನು ನಲವತ್ತು ವರ್ಷದಿಂದ ಬಾಯಲ್ಲೇ ಲೆಕ್ಕ ಹಾಕುತ್ತಾ ಬಂದಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥವರು ಇದ್ದೇ ಇರುತ್ತಾರೆ. ಕಿರಾಣಿ ಅಂಗಡಿಯ ಮಾಮಾ, ಸಹಕಾರ ಸಂಘದ ಕಾರ್ಯದರ್ಶಿ, ಬೀದರಿ ಕೆಲಸದ ಸಾಮಾನು ಮಾರುವ ನೆರೆಯವರು. ಅವರ ಹತ್ತಿರ ಒಂದು ದಿನ ಕೂತುಕೊಳ್ಳಿ. ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿ.

ಒಂದು ವರ್ಷದ ಕೋರ್ಸಾ, ಎರಡು ವರ್ಷದ್ದಾ

ನನ್ನ ಪ್ರಕಾರ, ಐಟಿಯಿಂದ ಫೈನಾನ್ಸ್‌ಗೆ ಪೂರ್ತಿ ಹೊರಳಬೇಕು ಅನ್ನುವವರಿಗೆ, ಅನುಭವ ನಾಲ್ಕೈದು ವರ್ಷದೊಳಗಿದ್ದರೆ, ಎರಡು ವರ್ಷದ ಕೋರ್ಸೇ ಒಳ್ಳೆಯದು. ಕಾರಣ ಒಂದೇ, ಬೇಸಿಗೆಯ ಇಂಟರ್ನ್‌ಶಿಪ್. ಮೊದಲ ವರ್ಷ ಮುಗಿದ ಮೇಲೆ ಎರಡು ತಿಂಗಳು ಬ್ಯಾಂಕಲ್ಲೋ ರೇಟಿಂಗ್ ಏಜೆನ್ಸಿಯಲ್ಲೋ ಕೆಲಸ ಮಾಡುತ್ತೀರಿ. ರೆಸ್ಯೂಮೆಯಲ್ಲಿ ಮೊದಲ ಬಾರಿ ಫೈನಾನ್ಸ್ ಅನ್ನುವ ಪದ ನಿಜವಾದ ಅನುಭವವಾಗಿ ಬರುವುದು ಅಲ್ಲಿ. ಅಲ್ಲೇ ಕೆಲಸವೂ ಸಿಗಬಹುದು. ಒಂದು ವರ್ಷದ ಕೋರ್ಸಿನಲ್ಲಿ ಈ ಸೇತುವೆ ಸಾಮಾನ್ಯವಾಗಿ ಇರುವುದಿಲ್ಲ.

ಐದಾರು ವರ್ಷ ದಾಟಿದ್ದರೆ ಲೆಕ್ಕ ಬೇರೆ. ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಕೆಳ ಹಂತದ ಹುದ್ದೆಗೆ ಕಡಿಮೆ ಅನುಭವದವರನ್ನೇ ಬಯಸುತ್ತವೆ. ಅನುಭವಸ್ಥರಿಗೆ ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿಯ ಪಿಜಿಪಿ, ಐಐಎಂಗಳ ಒಂದು ವರ್ಷದ ಕೋರ್ಸುಗಳು ಇವೆ. ಐಐಎಂ ಅಹಮದಾಬಾದಿನ ಒಂದು ವರ್ಷದ ಕೋರ್ಸ್ ಪಿಜಿಪಿಎಕ್ಸ್‌ಗೆ ಕನಿಷ್ಠ ನಾಲ್ಕು ವರ್ಷದ ಅನುಭವ ಬೇಕು. ಇಲ್ಲಿಂದ ಹೊರಡುವವರಿಗೆ ಫಿನ್‌ಟೆಕ್, ಬ್ಯಾಂಕಿನ ಡಿಜಿಟಲ್ ವಿಭಾಗ, ಪ್ರಾಡಕ್ಟ್ ಹುದ್ದೆಗಳು ಹೆಚ್ಚು ಸಿಗುತ್ತವೆ. ಅದು ನಿಮಗೆ ಒಪ್ಪಿಗೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಕಾಲೇಜು ಆರಿಸುವಾಗ ಪ್ಲೇಸ್‌ಮೆಂಟ್ ವರದಿಯ ಮೊದಲ ಪುಟದ ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ. ಸರಾಸರಿ ಬಿಡಿ, ಮೀಡಿಯನ್ (ಎಲ್ಲರ ಸಂಬಳ ಸಾಲಾಗಿಟ್ಟರೆ ನಟ್ಟನಡುವೆ ಬರುವುದು) ನೋಡಿ. ಎಷ್ಟು ಜನಕ್ಕೆ ಫೈನಾನ್ಸ್ ಕೆಲಸ ಸಿಕ್ಕಿತು, ಅದರಲ್ಲಿ ಹಿಂದೆ ಇಂಜಿನಿಯರ್ ಆಗಿದ್ದವರು ಎಷ್ಟು ಅಂತ ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ. ಫೈನಾನ್ಸ್‌ಗೆ ಹೆಸರಾದ ಜಾಗ ಅಂದರೆ ಐಐಎಂ ಕಲ್ಕತ್ತಾ, ಮುಂಬೈನ ಜಮ್ನಾಲಾಲ್ ಬಜಾಜ್. ಕಡಿಮೆ ಶುಲ್ಕಕ್ಕೆ ದೆಹಲಿಯ ಎಫ್‌ಎಂಎಸ್. ಷೇರು ಪೇಟೆಯೇ ಬೇಕು ಅನ್ನುವವರಿಗೆ ಎನ್‌ಐಎಸ್‌ಎಂನ ಪೂರ್ಣಾವಧಿ ಕೋರ್ಸೂ ಇದೆ.

ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ತಾಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ನಮ್ಮ ಕಡೆಯ ಸಂಸ್ಥೆಗಳ ಎಂಬಿಎ ಬಗ್ಗೆಯೂ ಕೇಳುತ್ತಾರೆ. ಮನೆ ಬಿಟ್ಟು ಹೋಗಲಾಗದವರಿಗೆ, ಇಲ್ಲೇ ಬ್ಯಾಂಕು, ಸಹಕಾರ ವಲಯ, ಸಣ್ಣ ಉದ್ದಿಮೆಗಳ ಜೊತೆ ಕೆಲಸ ಮಾಡಬೇಕು ಅನ್ನುವವರಿಗೆ ಅದು ಒಳ್ಳೆಯ ದಾರಿ, ಖರ್ಚೂ ಕಡಿಮೆ. ಬೆಂಗಳೂರಿನ ಐಟಿ ಸಂಬಳ ಬಿಟ್ಟು ಮುಂಬೈನ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಹೋಗಲು ಅದನ್ನೇ ನಂಬಿಕೊಂಡರೆ ದಾರಿ ತುಂಬಾ ಸುತ್ತಾಗುತ್ತದೆ.

ಪರೀಕ್ಷೆ: ಕ್ಯಾಟ್ ಅಥವಾ ಜಿಮ್ಯಾಟ್

ಐಐಎಂಗಳ ಎರಡು ವರ್ಷದ ಕೋರ್ಸಿಗೆ ಕ್ಯಾಟ್. ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ನಡೆಯುತ್ತದೆ. ಅರ್ಜಿ ಆಗಸ್ಟ್‌ನಲ್ಲಿ ಶುರು. ಇಂಗ್ಲಿಷ್ ಓದು, ಡೇಟಾ-ತರ್ಕ, ಗಣಿತ ಅಂತ ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಡಿತ. ಈ ಅಂಕ ಒಂದೇ ಪ್ರವೇಶ ವರ್ಷಕ್ಕೆ.

ಜಿಮ್ಯಾಟ್ ವರ್ಷಪೂರ್ತಿ ಇರುತ್ತದೆ. ಈಗಿನ ರೂಪದಲ್ಲಿ ಮೂರು ಭಾಗ, ಒಂದೊಂದಕ್ಕೆ 45 ನಿಮಿಷ, ಅಂಕ 205ರಿಂದ 805ರ ತನಕ, ಐದು ವರ್ಷ ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷದ ಕೋರ್ಸುಗಳಿಗೆ, ವಿದೇಶಕ್ಕೆ ಇದು. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಬರೆಯುವ ಅವಕಾಶವೂ ಇದೆ. ಆದರೆ ನಡುವೆ ಕರೆಂಟು ಹೋದರೆ, ನೆಟ್ ಕಡಿದರೆ ತಿಂಗಳುಗಟ್ಟಲೆಯ ಓದು ನೀರುಪಾಲು. ಹೈದರಾಬಾದ್ ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್, ಬೀದರ್‌ನಿಂದ ಇನ್ನೂ ಹತ್ತಿರ. ಹಿಂದಿನ ದಿನ ಹೋಗಿ ಉಳಿದು, ಸೆಂಟರ್‌ನಲ್ಲೇ ಬರೆಯಿರಿ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಹಳೆಯ ಐಐಎಂಗಳು ಸಂದರ್ಶನಕ್ಕೆ ಕರೆಯುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕವನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಸೈನ್ಸ್‌ಗೆ ಬಂದಾಗ ಇಂಗ್ಲಿಷ್‌ಗೆ ತತ್ತರಿಸಿ ಅಂಕ ಕಳೆದುಕೊಂಡವರು ನಮ್ಮಲ್ಲಿ ತುಂಬಾ ಜನ. ಅಂಥವರು ಕ್ಯಾಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಕೆಲಸದ ಅನುಭವಕ್ಕೆ, ಪ್ರಬಂಧಕ್ಕೆ ಹೆಚ್ಚು ಬೆಲೆ ಕೊಡುವ ಕಡೆಗೂ ಜಿಮ್ಯಾಟ್ ಮೂಲಕ ಅರ್ಜಿ ಹಾಕಿ. ಇಂಗ್ಲಿಷ್ ಓದು ಕಷ್ಟ ಅನ್ನಿಸಿದರೆ ದಿನಾ ಅರ್ಧ ಗಂಟೆ ಆರ್ಥಿಕ ಪತ್ರಿಕೆಯ ಸಂಪಾದಕೀಯ ಪುಟ ಓದಿ. ಪರೀಕ್ಷೆಗೂ ಆಯಿತು, ಸಂದರ್ಶನಕ್ಕೂ ಆಯಿತು.

ಕಾಗದ ಪತ್ರ

ಇಲ್ಲಿ ನಮ್ಮ ಕಡೆಯವರು ಎಡವುವ ಮೂರು ಜಾಗ ಇವೆ.

ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಪ್ರಮಾಣಪತ್ರ ಐಐಎಂಗೆ ನಡೆಯುವುದಿಲ್ಲ. ಅದು ರಾಜ್ಯದ ಸೀಟುಗಳಿಗೆ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂಬಿಎ ಸೇರುವವರಿಗೆ ಅದು ದೊಡ್ಡ ಬಲ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದು ಇಟ್ಟುಕೊಳ್ಳಿ.

ರಾಜ್ಯದ ಜಾತಿ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ರಾಜ್ಯದಲ್ಲಿ 3ಬಿ ಇದ್ದ ಮಾತ್ರಕ್ಕೆ ಕೇಂದ್ರದಲ್ಲಿ ಒಬಿಸಿ ಆಗುವುದಿಲ್ಲ. ನಿಮ್ಮ ಉಪಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಅಂತ ಬರೆದ ಪ್ರಮಾಣಪತ್ರ ತೆಗೆಸಿ. ಇಲ್ಲದಿದ್ದರೆ, ಮನೆಯ ಆದಾಯ 8 ಲಕ್ಷದೊಳಗಿದ್ದು ಆಸ್ತಿಯ ಮಿತಿಯೂ ಹೊಂದಿದರೆ, ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲರ ಮೀಸಲಾತಿ) ಕೇಳಬಹುದು. ಆ ಆದಾಯದಲ್ಲಿ ನಿಮ್ಮ ಸಂಬಳವೂ ಸೇರುತ್ತದೆ, ನೆನಪಿರಲಿ. ತಪ್ಪು ವರ್ಗ ತುಂಬಿ, ಸೀಟು ಸಿಕ್ಕಮೇಲೆ ದಾಖಲೆ ಪರಿಶೀಲನೆಯಲ್ಲಿ ಅದು ಕೈತಪ್ಪಿದರೆ ಆಗುವ ನೋವು ದೊಡ್ಡದು.

ಮೂರನೆಯದು ಹೆಸರು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಸೇರಿ ಒಂದು ಥರ, ಆಧಾರ್‌ನಲ್ಲಿ ಅಡ್ಡಹೆಸರು ಸೇರಿ ಇನ್ನೊಂದು ಥರ, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು. ಜಿಮ್ಯಾಟ್‌ಗೆ ಪಾಸ್‌ಪೋರ್ಟ್‌ನಲ್ಲಿದ್ದ ಹಾಗೇ ಹೆಸರು ಇರಬೇಕು, ಅಕ್ಷರ ತಪ್ಪಿದರೂ ಒಳಗೆ ಬಿಡದಿರಬಹುದು. ಅರ್ಜಿಗೆ ಆರು ತಿಂಗಳು ಮುಂಚೆಯೇ ಸರಿಮಾಡಿಸಿ. ಸಿಜಿಪಿಎಯನ್ನು ಶೇಕಡಾವಾರಿಗೆ ತರುವಾಗ ನೀವೇ ಹತ್ತರಿಂದ ಗುಣಿಸಬೇಡಿ, ನಿಮ್ಮ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಿ.

ಪ್ರಬಂಧ ಮತ್ತು ಶಿಫಾರಸು

"ನನಗೆ ಚಿಕ್ಕಂದಿನಿಂದ ಸಂಖ್ಯೆಗಳೆಂದರೆ ಇಷ್ಟ." ಇಂಥ ಸಾಲು ಇದ್ದರೆ ಅಳಿಸಿ. ನನ್ನ ಮೊದಲ ಅರ್ಜಿ ಇದರಿಂದಲೇ ಶುರುವಾಗಿತ್ತು. ಎರಡನೇ ವರ್ಷ ಆ ಎನ್‌ಪಿಎ ಕೋಡಿನಿಂದ ಶುರು ಮಾಡಿದೆ. ಬೆಳೆ ಸಾಲಕ್ಕೆ ಬೇರೆ ನಿಯಮ ಇರುವುದನ್ನು ಕೋಡ್ ಮಾಡಿದ್ದು, ಅದು ಯಾಕೆ ಅಂತ ಗಂಜ್‌ನಲ್ಲಿ ಅರ್ಥವಾದದ್ದು, ಸಾಲ ಕೊಡುವ ತೀರ್ಮಾನ ಮಾಡುವ ಮೇಜಿಗೆ ಬರಬೇಕು ಅನ್ನಿಸಿದ್ದು. ಇಷ್ಟೇ.

ಬರೆಯುವ ವಿಧಾನದ ಬಗ್ಗೆ ಒಂದು ಸಲಹೆ. ಮೊದಲು ಕನ್ನಡದಲ್ಲೇ ಬರೆಯಿರಿ, ಅಥವಾ ಮನೆಯಲ್ಲಿ ಯಾರಿಗಾದರೂ ಬಾಯಲ್ಲಿ ಹೇಳಿ. ನಾನು ಅವ್ವನಿಗೆ ಹೇಳಿದೆ. "ಇಷ್ಟು ಪಗಾರ ಬಿಟ್ಟು ಯಾಕ ಹೋಗ್ತಿ?" ಅಂತ ಅವ್ವ ಮೂರು ಸಲ ಕೇಳಿದರು. ಮೂರನೇ ಸಲ ನಾನು ಕೊಟ್ಟ ಉತ್ತರವನ್ನೇ ಪ್ರಬಂಧದಲ್ಲಿ ಬರೆದೆ. ಇಂಗ್ಲಿಷ್‌ನಲ್ಲಿ ನೇರ ಬರೆಯಲು ಕೂತರೆ ಎಲ್ಲರೂ ಬಳಸುವ ದೊಡ್ಡ ದೊಡ್ಡ ಪದಗಳೇ ಕೈಗೆ ಬರುತ್ತವೆ.

ಶಿಫಾರಸು ಪತ್ರಕ್ಕೆ ಕಂಪನಿಯ ದೊಡ್ಡ ಹುದ್ದೆಯವರ ಹಿಂದೆ ಬೀಳಬೇಡಿ. ನಿಮ್ಮ ಜೊತೆ ದಿನಾ ಕೆಲಸ ಮಾಡಿದ ಮ್ಯಾನೇಜರ್ ಸಾಕು. ಈಗಿನವರಿಗೆ ಹೇಳಲು ಭಯವಿದ್ದರೆ ಹಿಂದಿನ ಮ್ಯಾನೇಜರ್, ಅಥವಾ ಗ್ರಾಹಕ ಬ್ಯಾಂಕಿನ ಕಡೆಯವರು. ನೀವು ಮಾಡಿದ ಮೂರು ಕೆಲಸಗಳನ್ನು ಒಂದು ಪುಟದಲ್ಲಿ ಬರೆದು ಅವರಿಗೆ ಕೊಡಿ. ಕೊನೆ ದಿನಾಂಕಕ್ಕೆ ಆರು ವಾರ ಮುಂಚೆ ಕೇಳಿ.

ಸಂದರ್ಶನ

"ಯಾಕೆ ಫೈನಾನ್ಸ್? ಯಾಕೆ ಈಗ? ಇಂಜಿನಿಯರಿಂಗ್ ಸೀಟು ಹಾಳು ಮಾಡಿದಿರಲ್ಲ?" ಈ ಮೂರೂ ಬಂದೇ ಬರುತ್ತವೆ. ಐಟಿಯನ್ನು ಬೈಯಬೇಡಿ. ಅಲ್ಲಿ ಕಲಿತದ್ದು ಇಲ್ಲಿ ಹೇಗೆ ಬಳಕೆಗೆ ಬರುತ್ತದೆ ಅಂತ ಒಂದು ಉದಾಹರಣೆ ಕೊಡಿ. ರೆಪೊ ದರ ಎಷ್ಟಿದೆ, ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ 4 ಯಾಕೆ, ಬಜೆಟ್‌ನ ಕೊರತೆ ಅಂದರೇನು, ಬ್ಯಾಲೆನ್ಸ್ ಶೀಟ್‌ಗೂ ನಗದು ಹರಿವಿಗೂ ಏನು ಸಂಬಂಧ, ಇಷ್ಟು ನಾಲಿಗೆ ತುದಿಯಲ್ಲಿರಲಿ.

ಊರಿನ ಪ್ರಶ್ನೆಗೆ ಮಾತ್ರ ಮನಸ್ಸಿಟ್ಟು ತಯಾರಾಗಿ. ಎರಡನೇ ವರ್ಷ ಬೇರೆ ಕಾಲೇಜಿನಲ್ಲಿ ನನಗೆ ಮತ್ತೆ ತೊಗರಿಯೇ ಬಂತು. ಕಾಕಾನ ಅರವತ್ತು ದಿನದ ಲೆಕ್ಕ ಹೇಳಿದೆ. "ಹಾಗಾದರೆ ಬೆಲೆ ಬಿದ್ದರೆ ಮಿಲ್‌ನವರು ಏನು ಮಾಡುತ್ತಾರೆ, ಫ್ಯೂಚರ್ಸ್‌ನಲ್ಲಿ ಹೆಡ್ಜ್ ಮಾಡಬಹುದಲ್ಲ?" ಅಂದರು. ಮುಂದೆ ಮಾರುವ ಮಾಲಿಗೆ ಇವತ್ತೇ ಬೆಲೆ ಗೊತ್ತು ಮಾಡಿಕೊಳ್ಳುವುದು ಫ್ಯೂಚರ್ಸ್, ಹಾಗೆ ಬೆಲೆ ಬೀಳುವ ನಷ್ಟದಿಂದ ತಪ್ಪಿಸಿಕೊಳ್ಳುವುದು ಹೆಡ್ಜ್. ತೊಗರಿಯ ಫ್ಯೂಚರ್ಸ್ ವಹಿವಾಟನ್ನು ಸರ್ಕಾರ 2007ರಲ್ಲೇ ನಿಲ್ಲಿಸಿತು, ಹಾಗಾಗಿ ಆ ದಾರಿ ಇಲ್ಲ, ಗೋದಾಮಿನ ರಸೀದಿ ಇಟ್ಟು ಸಾಲ ತೆಗೆದುಕೊಂಡು ಬೆಲೆಗೆ ಕಾಯುವುದು ಒಂದು ದಾರಿ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ ಅಂದೆ. ಹದಿನೈದು ನಿಮಿಷ ಅದರ ಮೇಲೆಯೇ ಮಾತು ನಡೆಯಿತು. ಕೋಡ್ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಬೀದರ್‌ನವರಾದರೆ ಸಕ್ಕರೆ ಕಾರ್ಖಾನೆ, ಯಾದಗಿರಿಯವರಾದರೆ ಹತ್ತಿ ಮತ್ತು ಭತ್ತ. ಯಾವುದರ ದುಡ್ಡು ಯಾವಾಗ ಯಾರ ಕೈಗೆ ಹೋಗುತ್ತದೆ ಅಂತ ತಿಳಿದುಕೊಂಡು ಹೋಗಿ.

ದುಡ್ಡು ಮತ್ತು ರಾಜೀನಾಮೆ

ಹಳೆಯ ಐಐಎಂಗಳಲ್ಲಿ ಎರಡು ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ. ಐಎಸ್‌ಬಿಯಲ್ಲಿ ಅದಕ್ಕಿಂತಲೂ ಹೆಚ್ಚು. ಇದರ ಜೊತೆ ಬಿಟ್ಟುಬಂದ ಸಂಬಳವನ್ನೂ ಕೂಡಿಸಿ ಲೆಕ್ಕ ಹಾಕಿ.

ಮನೆಯಲ್ಲಿ "ಹೊಲ ಇಟ್ಟು ಸಾಲ ತೆಗೆಯೋಣ" ಅಂತ ಅಪ್ಪ ಅನ್ನಬಹುದು. ಬೇಡ ಅನ್ನಿ. ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕಿಗೆ ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿನ ಮೇಲೆ ನಡೆಯುವುದಿಲ್ಲ, ಅದಕ್ಕೆ ಬ್ಯಾಂಕುಗಳೂ ಶಿಕ್ಷಣ ಸಾಲಕ್ಕೆ ಹೊಲವನ್ನು ಅಡವು ಹಿಡಿಯಲು ಹಿಂಜರಿಯುತ್ತವೆ. ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕರೆ ಅಡವಿಲ್ಲದೆಯೇ ಸಾಲ ಸಿಗುತ್ತದೆ. ದೊಡ್ಡ ಬ್ಯಾಂಕುಗಳು ಅಂಥ ಕಾಲೇಜುಗಳ ಪಟ್ಟಿ ಇಟ್ಟಿರುತ್ತವೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲೂ ಆಯ್ದ ಸಂಸ್ಥೆಗಳಿಗೆ ಅಡವು, ಜಾಮೀನು ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದ ತನಕದ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿಯೂ ಇದೆ. ಊರಿನ ಶಾಖೆಯಲ್ಲಿ ಗೊತ್ತಿಲ್ಲ ಅಂದರೆ ವಾಪಸ್ ಬರಬೇಡಿ. ಕಾಲೇಜಿನ ಊರಿನಲ್ಲಿರುವ ಶಾಖೆಯನ್ನೇ ಕೇಳಿ, ಅವರಿಗೆ ದಿನವೂ ಇದೇ ಕೆಲಸ. ಮುಂದೆ ಬಡ್ಡಿ ಕಟ್ಟುವಾಗ ಆ ಬಡ್ಡಿಗೆ ಎಂಟು ವರ್ಷದ ತನಕ ತೆರಿಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಐಐಎಂಗಳ ಫಲಿತಾಂಶ ಏಪ್ರಿಲ್-ಮೇನಲ್ಲಿ, ಕ್ಲಾಸು ಜೂನ್‌ನಲ್ಲಿ. ಐಟಿ ಕಂಪನಿಯ ನೋಟಿಸ್ ಅವಧಿ ಎಷ್ಟೋ ಕಡೆ 90 ದಿನ. ಲೆಕ್ಕ ಕೂಡುವುದಿಲ್ಲ, ಅಲ್ವಾ? ಹಾಗಂತ ಸೀಟು ಕೈಗೆ ಬರುವ ಮುಂಚೆ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿಯನ್ನು ದುಡ್ಡು ಕಟ್ಟಿ ಕಡಿಮೆ ಮಾಡಿಕೊಳ್ಳಬಹುದಾ ಅಂತ ನಿಯಮ ಓದಿ ಇಟ್ಟುಕೊಳ್ಳಿ. ಅದಕ್ಕೆ ಬೇಕಾದ ಎರಡು ತಿಂಗಳ ಸಂಬಳವನ್ನು ಬೇರೆ ಖಾತೆಯಲ್ಲಿಡಿ. ರಜೆ ಉಳಿಸಿಕೊಂಡಿರಿ, ಕೆಲವು ಕಡೆ ಅದನ್ನು ನೋಟಿಸ್‌ಗೆ ಹೊಂದಿಸಿಕೊಳ್ಳುತ್ತಾರೆ.

ಲ್ಯಾಪ್‌ಟಾಪ್ ಒಪ್ಪಿಸುವ ಹಿಂದಿನ ದಿನವೇ ಎಲ್ಲ ವರ್ಷಗಳ ಪೇಸ್ಲಿಪ್, ಫಾರ್ಮ್ 16, ಆಫರ್ ಲೆಟರ್, ಬಡ್ತಿ ಪತ್ರಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಇಳಿಸಿಕೊಳ್ಳಿ. ಐಡಿ ಮುಚ್ಚಿದ ಮೇಲೆ ಒಂದು ಹಳೆಯ ಕಂಪನಿಯಿಂದ ಎರಡು ಪುಟದ ಅನುಭವ ಪತ್ರ ತರಿಸಿಕೊಳ್ಳಲು ನನಗೆ ಐದು ವಾರ ಹಿಡಿಯಿತು. ಕಾಲೇಜಿನವರು ಕೊಟ್ಟ ಗಡುವು ನಾಲ್ಕು ವಾರ. ಕೈಮುಗಿದು ಒಂದು ವಾರ ಹೆಚ್ಚು ಕೇಳಿಕೊಂಡೆ. ನೀವು ಕೇಳಿಕೊಳ್ಳುವ ಪರಿಸ್ಥಿತಿ ತಂದುಕೊಳ್ಳಬೇಡಿ.